ಲಾಭ, ಎರಡು, ಮೂರು

"ಇನ್ನೊಮ್ಮೆ ಅಳೆ ಗುಣವತಿ. ಈ ಸಲ ಬಾಯಿಬಿಟ್ಟು ಎಣಿಸು. ನನಗೆ ಕೇಳಬೇಕು."

ಶಶಿಪ್ರಭಾ ಅಡುಗೆಮನೆಯ ಹೊಸ್ತಿಲ ಬಳಿ ಮಣೆ ಹಾಕಿಸಿಕೊಂಡು ಕೂತಿದ್ದಳು. ತೊಡೆಯ ಮೇಲೆ ಇಲಾಖೆಯ ಹಳದಿ ಫಾರ್ಮು, ಅದರಲ್ಲಿ ಹತ್ತೊಂಬತ್ತು ಪ್ರಶ್ನೆ. ಕುಡಿಯುವ ನೀರಿನ ಹಂಡೆಗೆ ಬಗ್ಗಿ ಮೂಸಿ ನೋಡಿ ಆಗಿತ್ತು. ಚಾಪೆಗಳನ್ನು ಮಗುಚಿ ನೋಡಿ ಆಗಿತ್ತು. ಈಗ ಏಳನೆಯದು: ಒಂದು ಮಗುವಿಗೆ ದಿನಕ್ಕೆ ಎಷ್ಟು ಅಕ್ಕಿ?

ಕುದ್ರೋಳಿಯಿಂದ ಹೊಳೆಯ ಕಡೆಗೆ ಇಳಿಯುವ ಓಣಿಯ ತುದಿಯಲ್ಲಿದ್ದ ಆ ಬಾಲಿಕಾ ನಿಲಯಕ್ಕೆ ಅವಳು ಸರಕಾರ ನೇಮಿಸಿದ ಲೇಡಿ ವಿಸಿಟರ್. ವರ್ಷಕ್ಕೆ ಎರಡು ಸಲ ಬರುವುದು, ತಂದೆತಾಯಿಯಿಲ್ಲದ ಹೆಣ್ಣುಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂದು ಪರೀಕ್ಷಿಸುವುದು, ಸಂದರ್ಶಕರ ಪುಸ್ತಕದಲ್ಲಿ ಒಂದು ಮಾತು ಬರೆದು ಸಹಿ ಹಾಕುವುದು. ಏಪ್ರಿಲಿನಲ್ಲಿ ಬಂದಾಗ ಅವಳು ಬರೆದದ್ದು 'ತೃಪ್ತಿಕರ'.

ಬಾಗಿಲಿಗೆ ಒರಗಿ ಮೇಟ್ರನ್ ಮಟಿಲ್ಡಾ ಬಾಯಿ ನಿಂತಿದ್ದಳು. ಗಂಜಿ ಹಾಕಿದ ಬಿಳಿ ಸೀರೆ, ಕೈಯಲ್ಲಿ ಪೆಪ್ಪರ್‌ಮಿಂಟಿನ ಬಾಟಲಿ. ಮಕ್ಕಳ ಗಂಜಿಗಿಂತ ಅವಳ ಸೀರೆಯ ಗಂಜಿಯೇ ದಪ್ಪ ಎಂದು ಒಂದು ಮಾತು ಶಶಿಪ್ರಭಾಳ ಮನಸ್ಸಿನಲ್ಲಿ ಬಂದು ಹೋಯಿತು.

ಅಡುಗೆಯ ಗುಣವತಿ ಪಾವನ್ನು ಕುಚ್ಚಲಕ್ಕಿಯಲ್ಲಿ ಅದ್ದಿ, ಅಂಗೈಯಿಂದ ತಲೆ ಸವರಿ, ಪಾತ್ರೆಗೆ ಸುರಿದಳು.

"ಲಾಬ," ಎಂದಳು. ಮತ್ತೆ ಅದ್ದಿದಳು. "ರಡ್ಡ್... ಮೂಜಿ... ನಾಲ್..."

ಶಶಿಪ್ರಭಾಳ ಪೆನ್ಸಿಲು ನಿಂತಿತು.

ಒಂಜಿ, ಎಂದರೆ ಒಂದು, ಎನ್ನಲಿಲ್ಲ. ಹೇಗೆ ಅಂದಾಳು? ತುಳುನಾಡಿನಲ್ಲಿ ಅಕ್ಕಿ ಅಳೆಯುವ ಹಳೆಯ ಹೆಂಗಸರು ಮೊದಲ ಅಳತೆಯನ್ನು ಒಂದು ಎಂದು ಕರೆಯುವುದಿಲ್ಲ. ಒಂದು ಎಂದರೆ ಒಂಟಿ, ಅಲ್ಲಿಗೇ ನಿಂತುಹೋದೀತು. ಲಾಭ ಎಂದು ಶುರುಮಾಡಿದರೆ ತುಂಬಿ ಬಂದೀತು. ಶಶಿಪ್ರಭಾಳ ಅಜ್ಜಿಯೂ ಅಂಗಳದಲ್ಲಿ ಭತ್ತದ ರಾಶಿಯ ಮುಂದೆ ಹೀಗೆಯೇ ಎಣಿಸುತ್ತಿದ್ದರು. ಮದರಾಸಿನಲ್ಲಿ ಓದಿ, ಬಳ್ಳಾರಿಯಲ್ಲಿ ನೌಕರಿ ಮಾಡಿ, ನಲವತ್ತನಾಲ್ಕರ ಪ್ರಾಯಕ್ಕೆ ಊರಿಗೆ ವರ್ಗವಾಗಿ ಬಂದವಳಿಗೆ ಅದು ಮರೆತೇ ಹೋಗಿತ್ತು.

ಲಾಭ. ಲಾ.

ಕಳೆದ ಗುರುವಾರ ಹೊಳೆಯಾಚೆ ಬೆಂಗ್ರೆಯ ಮೀನುಗಾರ ಅಲಿಯಬ್ಬನ ಬಲೆಗೆ ಒಂದು ಪುಟ್ಟ ಫ್ರಾಕು ಸಿಕ್ಕಿತ್ತು. ನೀಲಿ ಚೌಕುಳಿಯ ಗಿರಣಿ ಬಟ್ಟೆ, ಎಲ್ಲ ಬಡವರ ಮನೆಯಲ್ಲೂ ಇರುವಂಥದ್ದು. ಅಂಚಿನ ಒಳಮಡಿಕೆಯಲ್ಲಿ ಕೆಂಪು ನೂಲಿನಿಂದ ಹೊಲಿದ ಒಂದೇ ಅಕ್ಷರ, 'ಲಾ'. ಸಬ್ ಇನ್‌ಸ್ಪೆಕ್ಟರ್ ಜಯಪಾಲ ಮಕ್ಕಳ ವಿಷಯವೆಂದು ಅದನ್ನು ಶಶಿಪ್ರಭಾಳ ಆಫೀಸಿನ ಮೇಜಿನ ಮೇಲೆ ಹರಡಿ, "ಲಾಂಡ್ರಿಯ ಗುರುತು ಮೇಡಂ, ಮತ್ತೆಂತದು?" ಎಂದಿದ್ದ. ಇವತ್ತು ಬೆಳಿಗ್ಗೆಯೂ ಅವಳನ್ನು ಇಲ್ಲಿ ಜೀಪಿನಿಂದ ಇಳಿಸಿ, ಉಳಿದ ಲಾಂಡ್ರಿಗಳನ್ನು ವಿಚಾರಿಸಲು ಹಂಪನಕಟ್ಟೆಗೆ ಹೋಗಿದ್ದ.

ಅರ್ಧ ಗಂಟೆಯ ಹಿಂದೆ ಹಿತ್ತಲಲ್ಲಿ ಒಣಗಲು ಹಾಕಿದ ಫ್ರಾಕುಗಳ ಅಂಚನ್ನು ಅವಳೇ ಮಗುಚಿ ನೋಡಿದ್ದಳು. ಕೆಂಪು ನೂಲಿನಲ್ಲಿ ೨, ೩, ೪, ಹೀಗೆ ೩೧ರವರೆಗೆ. ಒಂದು ಎಲ್ಲಿ ಎಂದು ಕೇಳುವುದು ಅವಳಿಗೆ ಹೊಳೆದಿರಲಿಲ್ಲ. ಆ ಬಟ್ಟೆಗಳ ಮೇಲೆ ನಂಬ್ರ ಹೊಲಿಯುವವಳು ಈ ಗುಣವತಿಯೇ.

"...ಇರ್ವ." ಇಪ್ಪತ್ತು.

ಗುಣವತಿಯ ಕೈ ತಾನಾಗಿಯೇ ಅಕ್ಕಿಯ ಡಬ್ಬಿಯ ಮುಚ್ಚಳಕ್ಕೆ ಹೋಯಿತು.

ಬಾಗಿಲಲ್ಲಿ ಮಟಿಲ್ಡಾ ಬಾಯಿ ಕೆಮ್ಮಿದಳು.

ಕೈ ಹಿಂದೆ ಬಂತು. "ಇರ್ವತ್ತೊಂಜಿ," ಎಂದು ಎಣಿಕೆ ಮುಂದುವರಿಯಿತು. ಮೂವತ್ತಕ್ಕೆ ನಿಂತಿತು. ಶಶಿಪ್ರಭಾ ಫಾರ್ಮಿನಲ್ಲಿ ಮೂವತ್ತು ಮಕ್ಕಳಿಗೆ ಮೂವತ್ತು ಪಾವು ಎಂದೇ ಬರೆದಳು. ದಿನಾ ಇಪ್ಪತ್ತಕ್ಕೆ ನಿಲ್ಲುವ ಕೈ ಅದು ಎಂದು ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ.

ಮೇಟ್ರನ್ ಹೊರಗೆ ಮಕ್ಕಳನ್ನು ಸಾಲು ನಿಲ್ಲಿಸಲು ತಿರುಗಿದಳು. ಅಷ್ಟರಲ್ಲೇ ಗುಣವತಿ ಎಣಿಸದೆ, ಸದ್ದಿಲ್ಲದೆ, ಇನ್ನೊಂದು ಮುಷ್ಟಿ ಅಕ್ಕಿಯನ್ನು ಪಾತ್ರೆಗೆ ಹಾಕಿದಳು. ಅಳೆದದ್ದರಿಂದ ಒಂದು ಮುಷ್ಟಿಯನ್ನು ತಿರುಗಿ ಡಬ್ಬಿಗೆ ಹಾಕುವ ಹೆಂಗಸರನ್ನು ಶಶಿಪ್ರಭಾ ನೋಡಿದ್ದಳು. ಪಾತ್ರೆಗೆ ಹಾಕುವವರನ್ನು ನೋಡಿರಲಿಲ್ಲ.

ಪಕ್ಕದ ಕಟ್ಟಿಗೆ ಕೊಟ್ಟಿಗೆಯ ಅಟ್ಟದಲ್ಲಿ ಏನೋ ಕೆರೆದ ಸದ್ದಾಯಿತು.

"ಎಂತ ಅದು?"

"ಬೆಕ್ಕು," ಎಂದಳು ಗುಣವತಿ. ಕೇಳಿದ್ದಕ್ಕಿಂತ ಉತ್ತರವೇ ಮೊದಲು ಬಂದ ಹಾಗಿತ್ತು.

"ಮರಿ ಹಾಕಿದೆ ಕಾಣ್ತದೆ ಮೇಡಂ," ಮಟಿಲ್ಡಾ ಬಾಯಿ ಹೊರಗಿನಿಂದಲೇ ಹೇಳಿದಳು. "ಒಂದು ವಾರದಿಂದ ಇದೇ ಉಪದ್ರ. ನಾಳೆ ಬೆಳಿಗ್ಗೆ ಆಳು ಬರ್ತಾನೆ. ಗೋಣಿಗೆ ತುಂಬಿಸಿ ಹೊಳೆಗೆ ಬಿಡಿಸೂದೇ."

ಗುಣವತಿ ಪಾವನ್ನು ಮಗುಚಿ ಇಟ್ಟಳು. ಇಡುವಾಗ ಅದು ಎರಡು ಸಲ ನೆಲಕ್ಕೆ ಬಡಿಯಿತು.

---

ಜಗಲಿಯಲ್ಲಿ ಮೂವತ್ತು ಬೋಳು ತಲೆಗಳು. ಹೇನಿಗೆಂದು ಎಲ್ಲರದ್ದೂ ತೆಗೆಸಿದ್ದು.

"ಎಣಿಸಿ ಮಕ್ಕಳೇ. ಮೇಡಮ್ಮಿಗೆ ಕೇಳುವ ಹಾಗೆ."

ಯಾರೂ ಬಾಯಿ ಬಿಡಲಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ಸಾಲಿನ ಮೊದಲ ಹುಡುಗಿ, "ಎರಡು," ಎಂದಳು. "ಮೂರು," "ನಾಲ್ಕು," ಎಂದು ಉಳಿದವು ಓಡಿದವು.

"ಒಂದು ಎಲ್ಲಿ ಮಟಿಲ್ಡಾ ಬಾಯಿ?"

"ಅವಳು ಹೋದಳಲ್ಲ. ಚಿಕ್ಕಪ್ಪ ಬಂದು ಬೊಂಬಾಯಿಗೆ ಕರಕೊಂಡು ಹೋದ. ಒಳಗೆ ರಿಜಿಸ್ಟರಿನಲ್ಲಿ ಉಂಟು, ತೋರಿಸ್ತೇನೆ. ನೀವು ಉಗುರು ನೋಡಿ, ನಾನು ಬೀಗದಕೈ ತರ್ತೇನೆ."

ಎರಡನೇ ನಂಬ್ರದವಳ ಹೆಸರು ಎಸ್ತೆರ್, ಹನ್ನೊಂದು ವರ್ಷ. ಬಲಗೈಯ ಹೆಬ್ಬೆರಳಿಗೆ ಅಡ್ಡವಾಗಿ ಕತ್ತಿ ತಾಗಿದ ಹಳೆಯ ಗೆರೆ. ಶಶಿಪ್ರಭಾ ಆ ಕೈ ಹಿಡಿದು ಬಗ್ಗಿದಾಗ ಹುಡುಗಿ ತುಟಿ ಅಲ್ಲಾಡಿಸದೆ ಮಾತಾಡಿದಳು.

"ಟೀಚರ್, ಲಾಭ ಸತ್ತಳು."

"ಯಾರು?"

"ಡುಲ್ಸಿನ್. ಗುಣವತಿಯಕ್ಕ ಅವಳನ್ನು ಲಾಭ ಅಂತಲೇ ಕರೆಯೂದು. ಇಲ್ಲಿಗೆ ಮೊದಲು ಬಂದದ್ದು ಅವಳೇ, ಅದಕ್ಕೆ."

"ಬೊಂಬಾಯಿಗೆ ಹೋದಳಂತಲ್ಲ?"

"ಸುಳ್ಳು. ಚಾಪೆ ಒದ್ದೆ ಮಾಡಿದ್ಲು. ಒದ್ದೆ ಚಾಪೆ ತಲೆ ಮೇಲೆ ಹೊರಿಸಿ ಅಂಗಳಕ್ಕೆ ಮೂರು ಸುತ್ತು. ನಾವೆಲ್ಲ ನಗಬೇಕು. ನಗದಿದ್ರೆ ಗಂಜಿ ಇಲ್ಲ."

"ನೀನು ನಕ್ಕೆಯಾ?"

"ಜೋರಾಗಿ ನಕ್ಕೆ." ಹುಡುಗಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. "ಮತ್ತೆ ಚಾಪೆ ತೊಳೀಲಿಕ್ಕೆ ಒಬ್ಬಳನ್ನೇ ಹೊಳೆಗೆ ಕಳಿಸಿದ್ರು. ಚಾಪೆ ಸಿಕ್ಕಿತು. ಅವಳು ಸಿಕ್ಕಲಿಲ್ಲ. ಮರುದಿವಸ ಮಟಿಲ್ಡಾ ಬಾಯಿ ನನ್ನ ಬೆರಳಿಗೆ ಶಾಯಿ ಹಚ್ಚಿ ಪುಸ್ತಕದಲ್ಲಿ ಒತ್ತಿಸಿದ್ರು. ನೀವು ಬರೀರಿ ಟೀಚರ್. ಲಾಭ ಸತ್ತಳು ಅಂತ ದೊಡ್ಡ ಪುಸ್ತಕದಲ್ಲಿ ಬರೀರಿ. ನಾನು ನೋಡ್ತೇನೆ. ನನಗೆ ಓದ್ಲಿಕ್ಕೆ ಬರ್ತದೆ."

ಬೀಗದಕೈಯ ಸದ್ದು ಹತ್ತಿರವಾಯಿತು. ಶಶಿಪ್ರಭಾ ಮೂರನೆಯವಳ ಕೈ ಹಿಡಿದಳು. ನೋಡುತ್ತಿದ್ದರೂ ಉಗುರು ಕಾಣಿಸಲಿಲ್ಲ.

ಡುಲ್ಸಿನ್. ಏಪ್ರಿಲಿನಲ್ಲಿ ಇದೇ ಜಗಲಿಯಲ್ಲಿ ಆ ಹೆಸರಿನ ಒಂಬತ್ತು ವರ್ಷದ ಹುಡುಗಿ ಓಡಿಬಂದು ಅವಳ ಸೆರಗು ಹಿಡಿದುಕೊಂಡಿತ್ತು. "ಮ್ಹಾಕಾ ವ್ಹರ್, ಬಾಯೆ. ಮ್ಹಾಕಾ ವ್ಹರ್." ಕೊಂಕಣಿ ಅವಳಿಗೆ ಬಾರದು. ಏನು ಕೇಳುತ್ತಿದೆ ಎಂದಾಗ ಮಟಿಲ್ಡಾ ಬಾಯಿ ನಕ್ಕು, "ಪೆಪ್ಪರ್‌ಮಿಂಟ್ ಕೇಳ್ತಾ ಉಂಟು ಮೇಡಂ, ಆಸೆಬುರುಕಿ," ಎಂದಿದ್ದಳು. ಸೀರೆ ಹೊಸದು. ಹುಡುಗಿಯ ಕೈ ಗಲೀಜು. ಶಶಿಪ್ರಭಾ ಒಂದೊಂದೇ ಬೆರಳನ್ನು ಬಿಡಿಸಿ, ಆ ಅಂಗೈಯಲ್ಲಿ ಪೆಪ್ಪರ್‌ಮಿಂಟ್ ಇಟ್ಟಿದ್ದಳು. ಹುಡುಗಿ ಅದನ್ನು ಬಾಯಿಗೆ ಹಾಕಲಿಲ್ಲ, ಸುಮ್ಮನೆ ನೋಡಿತು.

ಮೊನ್ನೆ ಮೊನ್ನೆ ಆಫೀಸಿನ ಜವಾನ ಡೆನಿಸನಲ್ಲಿ ಆ ಮಾತಿನ ಅರ್ಥ ಕೇಳಿದ್ದಳು. "ನನ್ನನ್ನು ಕರಕೊಂಡು ಹೋಗಿ ಅಂತ ಮೇಡಂ. ಯಾಕೆ?" ಎಂದಿದ್ದ ಅವನು.

---

ಆಫೀಸು ಕೋಣೆಯ ಗೋಡೆಯ ಮೇಲೆ ಟ್ರಸ್ಟಿನ ಅಧ್ಯಕ್ಷ ಮಹಾಬಲ ರೈಗಳ ಫೋಟೋ. ಮಟಿಲ್ಡಾ ಬಾಯಿ ರಿಜಿಸ್ಟರನ್ನು ಬಿಡಿಸಿ, ಸಾಲಿನ ಮೇಲೆ ಬೆರಳಿಟ್ಟಳು. ನಂಬ್ರ ಒಂದು, ಡುಲ್ಸಿನ್. ಎಂಟು ದಿನದ ಹಿಂದಿನ ತಾರೀಕು. ಸಂಬಂಧಿಕರು ಕರೆದುಕೊಂಡು ಹೋದರು. ಪಕ್ಕದಲ್ಲಿ ಚಿಕ್ಕಪ್ಪನದೆಂಬ ಹೆಬ್ಬೆಟ್ಟು.

"ಮೆಟ್ಟಲ ಮೇಲೆ ಯಾರೋ ಬಿಟ್ಟುಹೋದ ಮಗು ಅಂತ ಇಲ್ಲಿಯೇ ಬರೆದಿದೆ. ಚಿಕ್ಕಪ್ಪ ಎಲ್ಲಿಂದ ಬಂದ?"

"ರಕ್ತ ಹುಡುಕಿಕೊಂಡು ಬರ್ತದೆ ಮೇಡಂ."

"ಸಣ್ಣ ಪ್ರಾಯದವನಾ?"

"ನಲವತ್ತು ಆಗಿರಬಹುದು. ಬೋಟಿನಲ್ಲಿ ಕೆಲಸವಂತೆ. ಒಳ್ಳೆ ದೊಡ್ಡ ಆಳು."

ಶಶಿಪ್ರಭಾ ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟಳು. ಗುರುತು ಪೂರ್ತಿ ಮುಚ್ಚಿಹೋಯಿತು. ಬೆರಳು ತೆಗೆದಳು. ಹುಣಸೆ ಬೀಜದಷ್ಟು ಶಾಯಿಯ ನಡುವೆ ಅಡ್ಡವಾಗಿ ಒಂದು ಬಿಳಿ ಗೆರೆ.

ಅವಳು ಆ ಬಗ್ಗೆ ಏನೂ ಹೇಳಲಿಲ್ಲ. ಹೇಳಿದರೆ ಸಂಜೆಗೆ ಎಸ್ತೆರ್‌ಳ ಕೈ ಉಳಿಯುವುದಿಲ್ಲ.

"ಗುರುವಾರ ಬೆಂಗ್ರೆಯಲ್ಲಿ ಬಲೆಗೆ ಸಿಕ್ಕಿದೆಯಂತೆ," ಎಂದಳು. ಏನು ಎಂದು ಹೇಳದೆ ಅಲ್ಲಿಗೇ ನಿಲ್ಲಿಸಿದಳು.

ಮಟಿಲ್ಡಾ ಬಾಯಿಯ ಕೈ ಹಣೆಗೆ ಹೋಗಿ, ಎದೆಗೆ ಬಂದು, ಶಿಲುಬೆ ಅರ್ಧಕ್ಕೆ ನಿಂತಿತು.

"ಹೆಣವಾ?"

"ಬೊಂಬಾಯಿಗೆ ಹೋದವಳ ಹೆಣ ಬೆಂಗ್ರೆಯಲ್ಲಿ ಯಾಕೆ ಸಿಗ್ತದೆ ಮಟಿಲ್ಡಾ ಬಾಯಿ?"

ಗಡಿಯಾರ ಹನ್ನೊಂದು ಹೊಡೆಯಿತು.

"ಸಿಕ್ಕಿದ್ದು ಒಂದು ಫ್ರಾಕು, ಅಷ್ಟೇ," ಎಂದಳು ಶಶಿಪ್ರಭಾ.

ಮೇಟ್ರನ್ ಕುರ್ಚಿ ಎಳೆದು ಕೂತಳು. ಈಗ ಅವಳ ದನಿಯಲ್ಲಿ ಪೆಪ್ಪರ್‌ಮಿಂಟ್ ಇರಲಿಲ್ಲ.

"ಮೂವತ್ತು ಮಕ್ಕಳು, ನಾನೊಬ್ಬಳು. ಹನ್ನೆರಡು ಜನ ಚಾಪೆಯಲ್ಲಿ ಉಚ್ಚೆ ಹೊಯ್ಯುವವರು. ನೀವು ವರ್ಷಕ್ಕೆ ಎರಡು ಸಲ ಬಂದು ಉಗುರು ನೋಡ್ತೀರಿ. ಆ ಹುಡುಗಿ ಏಪ್ರಿಲಿನಲ್ಲಿ ನಿಮ್ಮ ಸೀರೆ ಹಿಡ್ಕೊಂಡಿತಲ್ಲ, ನೆನಪುಂಟಾ? ಬೆರಳು ಬಿಡಿಸಿದ್ದು ಯಾರು, ನಾನಾ?"

ಶಶಿಪ್ರಭಾ ರಿಜಿಸ್ಟರನ್ನು ಮುಚ್ಚಿದಳು.

"ಅವಳ ಬೆನ್ನ ಮೇಲೆ ಆಗಲೇ ಬರೆ ಇತ್ತು. ಫ್ರಾಕು ಒಂದು ಗೇಣು ಎತ್ತಿದ್ದರೆ ಕಾಣ್ತಿತ್ತು. ನೀವು ಎತ್ತಲಿಲ್ಲ. ತೃಪ್ತಿಕರ ಅಂತ ಬರೆದ್ರಿ, ಚಂದದ ಅಕ್ಷರದಲ್ಲಿ. ನಾಳೆ ಕೋರ್ಟು ಕಚೇರಿ ಅಂತ ಆದ್ರೆ ಮೊದಲು ನಿಲ್ಲೂದು ನಿಮ್ಮ ಸೈನು ಮೇಡಂ. ನನ್ನದು ಮತ್ತೆ."

ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಇರಿದದ್ದು. ಕ್ರೂರಿಗಳು ಸುಳ್ಳು ಹೇಳಿದಾಗ ಮನುಷ್ಯನಿಗೆ ಒಂದು ಆಸರೆ ಇರುತ್ತದೆ. ನಿಜ ಹೇಳಿದಾಗ ಎಲ್ಲಿ ಕಾಲೂರುವುದು?

"ಕೈಗೆ ಶಾಯಿ ತಾಗಿದೆ," ಎಂದು ಅವಳು ಎದ್ದಳು. "ತೊಳೆದು ಬರ್ತೇನೆ."

---

ಅಡುಗೆಮನೆಯ ಹಿಂದಿನ ಕಲ್ಲಿನ ಮೇಲೆ ಮಕ್ಕಳ ಅಲ್ಯುಮಿನಿಯಂ ತಟ್ಟೆಗಳನ್ನು ಬೆಳಿಗ್ಗೆಯೇ ತೊಳೆದು ಮಗುಚಿ ಹಾಕಿತ್ತು. ಬಿಸಿಲಿಗೆ ಒಣಗಿ ಬೆಳ್ಳಗಾಗಿದ್ದವು. ಪ್ರತಿಯೊಂದರ ಬೆನ್ನಿನಲ್ಲೂ ಮೊಳೆಯಿಂದ ಕೆತ್ತಿದ ನಂಬ್ರ. ಎಸ್ತೆರ್ ಹೇಳಿದ್ದು ನಿಜವಾದರೆ ಒಂದನೆಯ ತಟ್ಟೆಗೆ ಈಗ ಒಡತಿಯಿಲ್ಲ.

ಕೈ ಒರೆಸಲು ಬಟ್ಟೆ ಹುಡುಕುತ್ತ ಅವಳು ಒಳಗೆ ಬಂದಳು. ಒಲೆಯ ಪಕ್ಕ, ಮಗುಚಿದ ಬುಟ್ಟಿಯ ಕೆಳಗಿನಿಂದ ಒಂದು ತಟ್ಟೆಯ ಅಂಚು ಹೊರಗೆ ಕಂಡಿತು. ಬುಟ್ಟಿ ಎತ್ತಿದಳು.

ತಟ್ಟೆ ಬಿಸಿಯಾಗಿತ್ತು. ತುಂಬ ಗಂಜಿ, ಮೇಲೆ ಒಂದು ತುಂಡು ಮಾವಿನ ಉಪ್ಪಿನಕಾಯಿ. ಪಕ್ಕದಲ್ಲಿ ಕಡ್ಡಿ ಚುಚ್ಚಿ ಮಡಚಿದ ಹಲಸಿನ ಎಲೆ, ಸಣ್ಣ ಬಾಯಿಗೆಂದು ಸಣ್ಣದಾಗಿ ಮಾಡಿದ ಚಮಚ. ಗಂಜಿ ಚೆಲ್ಲದ ಹಾಗೆ ಅವಳು ತಟ್ಟೆಯನ್ನು ಮೆಲ್ಲಗೆ ಎತ್ತಿ ಕೆಳಗೆ ಬೆರಳಾಡಿಸಿದಳು. ಬೆರಳಿಗೆ ಸಿಕ್ಕಿದ್ದು ಅಂಕೆಯಲ್ಲ.

ಲಾ.

ಹಿಂದೆ ಗುಣವತಿ ನಿಂತಿದ್ದಳು. ಕೈಯಲ್ಲಿ ಕಟ್ಟಿಗೆ ಕೊಟ್ಟಿಗೆಯ ಏಣಿ.

ಹೆಂಗಸರಿಬ್ಬರು ಒಬ್ಬರನ್ನೊಬ್ಬರು ನೋಡಿದರು. ಮೇಲೆ ಅಟ್ಟದಲ್ಲಿ ಯಾರೋ ಕೆಮ್ಮಿದರು. ಬಾಯಿಗೆ ಬಟ್ಟೆ ತುರುಕಿಕೊಂಡು ಕೆಮ್ಮುವ ಕೆಮ್ಮು.

"ಫ್ರಾಕನ್ನು ಹೊಳೆಗೆ ಎಸೆದದ್ದು ನೀನು," ಶಶಿಪ್ರಭಾ ಪಿಸುಗುಟ್ಟಿದಳು.

ಗುಣವತಿ ಏಣಿಯನ್ನು ಗೋಡೆಗೆ ಒರಗಿಸಿದಳು.

"ಸತ್ತವರಿಗೆ ಯಾರೂ ಹೊಡೆಯೂದಿಲ್ಲಮ್ಮ," ಎಂದಳು.

"ಮಟಿಲ್ಡಾ ಬಾಯಿಗೆ ಗೊತ್ತಿಲ್ಲವಾ?"

"ಗೊತ್ತಿದ್ರೆ ನಾಳೆ ಗೋಣಿ ಹಿಡ್ಕೊಂಡು ಆಳು ಯಾಕೆ ಬರ್ತಾನೆ, ಇವತ್ತೇ ಬರ್ತಿದ್ದ. ಮಗು ಸಿಕ್ಕಿದ್ರೆ ಮಾತಾಡ್ತದಲ್ಲ? ಅವರು ಅದನ್ನು ಬಿಡೂದುಂಟಾ?" ಗುಣವತಿ ಒಲೆಗೆ ಒಂದು ಕಟ್ಟಿಗೆ ದೂಡಿದಳು. "ನನಗೆ ಹೋಗ್ಲಿಕ್ಕೆ ಜಾಗ ಇಲ್ಲಮ್ಮ. ಇದ್ದಿದ್ರೆ ಆ ದಿವಸವೇ ಹೋಗ್ತಿದ್ದೆ. ನೀವು ಯಾರಿಗಾದ್ರೂ ಹೇಳೂದಾದ್ರೆ ಒಂದು ಗಂಟೆ ತಡೆದು ಹೇಳಿ. ಅಷ್ಟರೊಳಗೆ ಅದು ಗಂಜಿ ಉಣ್ಣಲಿ."

ಶಶಿಪ್ರಭಾ ಬುಟ್ಟಿಯನ್ನು ಮೊದಲಿದ್ದ ಹಾಗೆಯೇ ಮುಚ್ಚಿದಳು.

---

ಜಗಲಿಯ ಮೇಜಿನ ಮೇಲೆ ಸಂದರ್ಶಕರ ಪುಸ್ತಕ ಬಿಡಿಸಿಟ್ಟಿತ್ತು. ಮಕ್ಕಳು ಬೀಳ್ಕೊಡಲು ಸಾಲಾಗಿ ನಿಂತಿದ್ದರು. ಮೇಜಿಗೆ ಹತ್ತಿರ ನಿಂತವಳು ಎಸ್ತೆರ್. ಎರಡನೇ ನಂಬ್ರದ ಜಾಗವೇ ಅದು.

ಮಟಿಲ್ಡಾ ಬಾಯಿ ಶಾಯಿಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು.

ಏನು ಬರೆದರೂ ಇಂದು ಸಂಜೆಯೊಳಗೆ ಮಹಾಬಲ ರೈಗಳ ಕಿವಿಗೆ ಮುಟ್ಟುತ್ತದೆ. ನಿಜ ಬರೆದರೆ ಪೋಲೀಸರು ಬರುವ ಮೊದಲು ಹುಡುಕಾಟ ಆಗುತ್ತದೆ. ಎಸ್ತೆರ್ ಕೇಳಿದ ಹಾಗೆ ಸತ್ತಳು ಎಂದು ಬರೆದರೆ, ಬಾಯಿಬಿಟ್ಟವರು ಯಾರು ಎಂದು ಮಕ್ಕಳನ್ನು ಹಿಡಿಯುತ್ತಾರೆ. ಅಟ್ಟ ಎಷ್ಟು ಎತ್ತರ? ಏಳು ಮೆಟ್ಟಲಿನ ಏಣಿ. ಆ ಮಗುವನ್ನು ಈಗ ಕಾಯುತ್ತಿರುವುದು ಬೀಗವಲ್ಲ, ಬಾಗಿಲಲ್ಲ. ಅದು ಸತ್ತಿದೆ ಎಂಬ ನಂಬಿಕೆ ಒಂದೇ. ಅದನ್ನು ಮುರಿಯಬಾರದು.

ಅವಳು ಬಗ್ಗಿ, ಚಂದದ ಅಕ್ಷರದಲ್ಲಿ, ಒಂದೇ ಪದ ಬರೆದು ಸಹಿ ಹಾಕಿದಳು.

ಎಸ್ತೆರ್ ಕತ್ತು ಉದ್ದ ಮಾಡಿ ಓದಿದಳು. ತುಟಿ ಒಂದೊಂದೇ ಅಕ್ಷರಕ್ಕೆ ಅಲ್ಲಾಡಿತು. ತೃ. ಪ್ತಿ. ಕ. ರ.

ಹುಡುಗಿ ಅಳಲಿಲ್ಲ. ನಕ್ಕಳು. ಜೋರಾಗಿ, ಹಲ್ಲು ಕಾಣುವ ಹಾಗೆ, ಅಂಗಳದಲ್ಲಿ ಒದ್ದೆ ಚಾಪೆ ಹೊತ್ತವರನ್ನು ನೋಡಿ ನಗಲು ಇಲ್ಲಿ ಕಲಿಸಿದ ಅದೇ ನಗು. ಯಾಕೆಂದು ತಿಳಿಯದ ಚಿಕ್ಕವರೂ ಅಭ್ಯಾಸದಿಂದ ಸೇರಿಕೊಂಡರು. ಮೂವತ್ತು ಮಕ್ಕಳು ಶಶಿಪ್ರಭಾಳನ್ನು ನೋಡಿ ನಕ್ಕರು. ಅವಳು ಆ ನಗುವಿನ ಮಧ್ಯೆ ನಡೆದು ಅಂಗಳ ದಾಟಿದಳು. ಒಂದು ಕಣ್ಸನ್ನೆ ಸಾಕಾಗಿತ್ತು. ಅದನ್ನೂ ಮಾಡಲಿಲ್ಲ. ಮಕ್ಕಳ ಮುಖ ಓದುವುದರಲ್ಲಿ ಮಟಿಲ್ಡಾ ಬಾಯಿ ಅವಳಿಗಿಂತ ಜಾಣೆ.

ಕೊಡೆಯನ್ನು ಮಾತ್ರ ಅವಳು ಬೇಕೆಂದೇ ಅಡುಗೆಮನೆಯ ಗೂಟದಲ್ಲಿ ಬಿಟ್ಟಿದ್ದಳು. ಸಂಜೆ ತಿರುಗಿ ಬರಲು ಒಂದು ನೆಪ ಬೇಕಲ್ಲ.

ಓಣಿಯ ಬಾಯಲ್ಲಿ ಜೀಪು ಕಾಯುತ್ತಿತ್ತು. "ಹನ್ನೊಂದು ಲಾಂಡ್ರಿ ಆಯ್ತು ಮೇಡಂ!" ಜಯಪಾಲ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಒಬ್ಬನೂ 'ಲಾ' ಅಂತ ಹಾಕೂದಿಲ್ಲವಂತೆ ಮಾರಾಯ್ರೆ. ನಿಮಗೆ ಎಂತಾದ್ರೂ ಸಿಕ್ಕಿತಾ?"

ಒಳ್ಳೆಯ ಮನುಷ್ಯ. ಹೇಳಿದರೆ ನಂಬುತ್ತಾನೆ. ಹೇಳಲು ಅವಳು ಬಾಯಿಯನ್ನೂ ತೆರೆದಳು.

"ಬೇಗ ಹತ್ತಿ," ಎಂದ ಅವನು. "ಮಹಾಬಲ ರೈಗಳ ಮನೆಯಲ್ಲಿ ಒಂದು ಚಾ ಕುಡಿದು ಹೋಗುವ. ಕಾಯ್ತಾ ಇದ್ದಾರೆ. ಇಲ್ಲಿಯ ವಿಷಯ ಏನಿದ್ದರೂ ಮೊದಲು ತಮಗೆ ಹೇಳಬೇಕು ಅಂತ ಅವರದ್ದು ಒಂದು ಮಾತು."

"ಎಂತದ್ದೂ ಸಿಗಲಿಲ್ಲ," ಎಂದಳು ಶಶಿಪ್ರಭಾ.

ಜೀಪು ಹೊರಡಬೇಕು, ಅಷ್ಟರಲ್ಲಿ ಓಣಿಯಲ್ಲಿ ಬರಿಗಾಲಿನ ಸದ್ದು. ಎಸ್ತೆರ್ ಓಡಿಬಂದು ಕೊಡೆಯನ್ನು ಅವಳ ಮಡಿಲಿಗೆ ಹಾಕಿದಳು, ಮುಖ ನೋಡದೆ. ಗೇಟಿನಿಂದ ಮೇಟ್ರನಿನ ಸ್ವರ ತೇಲಿ ಬಂತು, ಮತ್ತೆ ಪೆಪ್ಪರ್‌ಮಿಂಟಿನಷ್ಟು ಸಿಹಿಯಾಗಿ.

"ಮರೆತದ್ದೆಲ್ಲ ಕೊಟ್ಟುಬಿಡು ಮಗಾ! ಮೇಡಮ್ಮಿಗೆ ಪುನಃ ಬರುವ ತೊಂದರೆ ಬೇಡ!"

ಶಶಿಪ್ರಭಾ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಮುಂಬಾಗಿಲು ಮುಚ್ಚಿದ ಹಾಗಾಯಿತು. ಕಟ್ಟಿಗೆ ಕೊಟ್ಟಿಗೆಯ ಹಿಂದಿನ ಗೋಡೆ ಮೊಣಕಾಲೆತ್ತರ, ಅದರಾಚೆ ನೇರ ಹೊಳೆ. ಚಾಪೆಗಳನ್ನು ಮಗುಚುವಾಗ ಕಿಟಕಿಯಿಂದ ಅದನ್ನು ಸುಮ್ಮನೆ ನೋಡಿದ್ದಳು. ಹತ್ತೊಂಬತ್ತು ಪ್ರಶ್ನೆಗಳಲ್ಲಿ ಅದೂ ಇರಲಿಲ್ಲ.

ನಾಳೆ ಬೆಳಿಗ್ಗೆ ಗೋಣಿ.

"ಜಯಪಾಲರೇ, ಆ ಅಲಿಯಬ್ಬನ ದೋಣಿ ಸಂಜೆ ಎಷ್ಟು ಗಂಟೆಯವರೆಗೆ ಈ ಕಡೆ ಇರ್ತದೆ?"

"ಆರೂವರೆ ಆಗಬಹುದು. ಎಂತಕ್ಕೆ?"

"ಮೀನಿಗೆ," ಎಂದು ಅವಳು ಹೊಳೆಯ ಕಡೆ ತಿರುಗಿದಳು.

ಜೀಪು ತಿರುವು ದಾಟಿದ ಮೇಲೆ, ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತ, ಜಯಪಾಲ ಮೆಲ್ಲಗೆ ಕೇಳಿದ:

"ನೀವು ಜೈನರಲ್ಲವಾ ಮೇಡಂ? ನಮ್ಮ ಹಾಗೆ?"

ಅವಳು ಮನಸ್ಸಿನೊಳಗೆ ಆಗಲೇ ಏಣಿಯ ಮೆಟ್ಟಲು ಹತ್ತತೊಡಗಿದ್ದಳು. ಲಾಭ, ಎರಡು, ಮೂರು.